‘ಜಮ್ಮ’ ಎಂಬ ಪದ: ವಸಾಹತು ಕಾಲದ ಕೊಡಗು ಮತ್ತು ಅಲ್ಲಿನ ಆದಿವಾಸಿಗಳು (ಬಾಳೆಲೆ ಸೀಮೆಯನ್ನು ಅನುಲಕ್ಷಿಸಿ)

ಕೊಡಗಿನ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ಬಹುಮಟ್ಟಿಗೆ ಎರಡು ದಾರಿಗಳನ್ನು ಹಿಡಿದಿದೆ. ಹಾಲೇರಿ ಅರಸರ ಏಳುಬೀಳನ್ನು ಹೇಳುವ ರಾಜಕೀಯ ಚರಿತ್ರೆ ಒಂದು. ಕೊಡವರ ಆಚಾರ, ಐನ್‌ಮನೆ, ಹಬ್ಬಹರಿದಿನಗಳನ್ನು ವಿವರಿಸುವ ಸಾಂಸ್ಕೃತಿಕ ಚರಿತ್ರೆ ಇನ್ನೊಂದು. ಈ ಎರಡರಲ್ಲಿಯೂ ಜೇನುಕುರುಬ, ಬೆಟ್ಟಕುರುಬ, ಯರವ, ಪಣಿಯರವ, ಕುಡಿಯ ಸಮುದಾಯಗಳು ‘ಇತರ ಜನಾಂಗಗಳು’ ಎಂಬ ಕೊನೆಯ ಅಧ್ಯಾಯದಲ್ಲಿ ಬಂದುಹೋಗುತ್ತವೆ. ಈ ಕ್ರಮ ಗ್ಯಾಸೆಟಿಯರ್‌ಗಳಿಂದ ಬಂದುದು. ಗ್ಯಾಸೆಟಿಯರ್‌ಗಳಿಗೆ ಅದು ಕಂದಾಯದ ಕಡತಗಳಿಂದ ಬಂದುದು. ಕಂದಾಯ ಕೊಡುವವನಿಂದ ಆರಂಭವಾಗುವ ಪಟ್ಟಿಯಲ್ಲಿ ಕಂದಾಯ ಕೊಡದವನಿಗೆ ಸಿಗುವುದು ಕೊನೆಯ ಸಾಲೇ. ಕೊಡಗಿನ ಭೂಮಿ, ದುಡಿಮೆ ಮತ್ತು ಕಾಡು ಈ ಮೂರನ್ನೂ ಮುಟ್ಟುವ ‘ಜಮ್ಮ’ ಎಂಬ ಒಂದೇ ಪದವನ್ನು ಹಿಡಿದುಕೊಂಡು, ಬ್ರಿಟಿಷ್ ಆಳ್ವಿಕೆಯ ಅವಧಿಯಲ್ಲಿ ಅಲ್ಲಿನ ಆದಿವಾಸಿಗಳಿಗೆ ಒದಗಿದ ಸ್ಥಿತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರ್ಚೆಗೆ ಬಾಳೆಲೆ ಸೀಮೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಇಂದಿನ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಬಾಳೆಲೆ ಹಳೆಯ ಕಿಗ್ಗಟ್ಟುನಾಡಿನ ಮೂಡಣ ಅಂಚು. ಲಕ್ಷ್ಮಣತೀರ್ಥ ನದಿಯ ಬಯಲಿನ ಭತ್ತದ ಗದ್ದೆಗಳು, ಅವುಗಳ ಮೇಲಿನ ಬಾಣೆಗಳಲ್ಲಿ ಕಾಫಿ, ಅದರಾಚೆಗೆ ನಾಗರಹೊಳೆಯ ಕಾಡು ಇವೆಲ್ಲ ಇಲ್ಲಿ ಕೆಲವೇ ಮೈಲಿಗಳ ಒಳಗೆ ಒಂದರ ಬೆನ್ನಿಗೆ ಒಂದು ಇವೆ. ದಕ್ಷಿಣಕ್ಕೆ ಕುಟ್ಟದ ಮೂಲಕ ವಯನಾಡಿಗೆ, ಮೂಡಣಕ್ಕೆ ಕಾಡಿನ ಮೂಲಕ ಹೆಗ್ಗಡದೇವನಕೋಟೆ, ಹುಣಸೂರುಗಳಿಗೆ ದಾರಿ. ಗದ್ದೆಯ ಯರವ, ತೋಟದ ಪಣಿಯರವ, ಕಾಡಿನ ಜೇನುಕುರುಬ ಮತ್ತು ಇವರೆಲ್ಲರ ದುಡಿಮೆಯ ಮೇಲೆ ನಿಂತ ಜಮೀನ್ದಾರಿ ಮನೆತನಗಳು ಒಂದೇ ಸಂತೆಯಲ್ಲಿ ಕಲೆಯುವ ಸೀಮೆಯಿದು.

1

1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರನ ನೇತೃತ್ವದಲ್ಲಿ ಕಂಪನಿಯ ಸೈನ್ಯ ಮಡಿಕೇರಿಯನ್ನು ಪ್ರವೇಶಿಸಿತು. ಚಿಕವೀರರಾಜೇಂದ್ರನನ್ನು ಕಾಶಿಗೆ ಕಳುಹಿಸಲಾಯಿತು. ಮುಂದಿನ ತಿಂಗಳು ಕೊಡಗು ಕಂಪನಿಯ ನೇರ ಆಳ್ವಿಕೆಗೆ ಒಳಪಟ್ಟಿತೆಂದು ಘೋಷಿಸಲಾಯಿತು. ಮೈಸೂರಿನಂತೆ ಇದು ಅರಸರ ಕೈಗೆ ಮರಳಲಿಲ್ಲ. 1947ರವರೆಗೂ ಬ್ರಿಟಿಷರ ಪ್ರತ್ಯೇಕ ಪ್ರಾಂತವಾಗಿಯೇ ಉಳಿಯಿತು. ಈ ಪತನದ ಕಥೆಯನ್ನು ಕನ್ನಡ ಓದುಗರು ಮಾಸ್ತಿಯವರ ಕಾದಂಬರಿಯ ಮೂಲಕ ಬಲ್ಲರು. 1837ರ ಅಮರಸುಳ್ಯದ ದಂಗೆ, ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ ಘಟನೆ ಕೂಡ ಈಚಿನ ದಶಕಗಳಲ್ಲಿ ಸಾಕಷ್ಟು ಚರ್ಚೆಗೆ ಬಂದಿವೆ. ಆದ್ದರಿಂದ ಅವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು: ಅರಸನನ್ನು ಇಳಿಸಿದ ಕಂಪನಿ ಅರಸನ ಲೆಕ್ಕಪತ್ರಗಳನ್ನು ಇಳಿಸಲಿಲ್ಲ. 1812ರ ಸುಮಾರಿನಲ್ಲಿ ಲಿಂಗರಾಜ ಮಾಡಿಸಿದ ‘ಶಿಸ್ತು’ ಎಂಬ ಭೂಮಾಪನ ಲೆಕ್ಕಗಳೇ ಬ್ರಿಟಿಷ್ ಕಂದಾಯ ಆಡಳಿತಕ್ಕೆ ಬುನಾದಿಯಾದವು. ಅವು ಇದ್ದದ್ದು ಕನ್ನಡದಲ್ಲಿ. ದೊಡ್ಡವೀರರಾಜೇಂದ್ರನ ಕಾಲದ ‘ರಾಜೇಂದ್ರನಾಮೆ’ಯ ಭಾಷೆಯೂ ಕನ್ನಡವೇ, ಬ್ರಿಟಿಷರು ಕಚೇರಿ ಮತ್ತು ಶಾಲೆಗಳಲ್ಲಿ ಮುಂದುವರಿಸಿದ ಭಾಷೆಯೂ ಕನ್ನಡವೇ. ಕೊಡಗಿನಲ್ಲಿ ಕನ್ನಡ ಅಧಿಕಾರದ ಭಾಷೆಯಾಗಿತ್ತೆಂಬುದನ್ನು ನಾವು ಅಭಿಮಾನದಿಂದ ಹೇಳಿಕೊಂಡು ಬಂದಿದ್ದೇವೆ. ಆ ಅಧಿಕಾರದ ಕೆಳತುದಿಯಲ್ಲಿ ನಿಂತವರಿಗೆ ಆ ಕನ್ನಡ ಹೇಗೆ ಕೇಳಿಸಿರಬಹುದೆಂಬ ಪ್ರಶ್ನೆಯನ್ನು ಅಷ್ಟಾಗಿ ಕೇಳಿಲ್ಲ.

2

‘ಜಮ್ಮ’ ಸಂಸ್ಕೃತದ ‘ಜನ್ಮ’ದ ತದ್ಭವ. ಮಲಬಾರಿನ ‘ಜನ್ಮಂ’ ಹಕ್ಕಿಗೆ ಹತ್ತಿರದ ಪದವಾದರೂ ಕೊಡಗಿನಲ್ಲಿ ಅದರ ನಿರ್ವಚನ ಬೇರೆ. ಹುಟ್ಟಿನಿಂದ ಒಕ್ಕಕ್ಕೆ ಬರುವ, ಒಕ್ಕದೊಳಗೇ ಉಳಿಯಬೇಕಾದ ಭೂಮಿ ‘ಜಮ್ಮಾ’ ಭೂಮಿ. ಅದನ್ನು ಹಿಡಿದವರು ಅರಸನಿಗೆ ಸೈನಿಕ ಸೇವೆಯನ್ನೂ ಕಾವಲು ಸೇವೆಯನ್ನೂ ಸಲ್ಲಿಸಬೇಕಾಗಿತ್ತು. ಸರ್ಕಾರದ ಒಪ್ಪಿಗೆಯಿಲ್ಲದೆ ಮಾರುವಂತಿರಲಿಲ್ಲ, ಒತ್ತೆಯಿಡುವಂತಿರಲಿಲ್ಲ. ಇದಕ್ಕೆ ಪ್ರತಿಯಾಗಿ ಕಂದಾಯದಲ್ಲಿ ರಿಯಾಯಿತಿ. ಬ್ರಿಟಿಷ್ ದಾಖಲೆಗಳ ಪ್ರಕಾರ ಸಾಗು ಭೂಮಿಗೆ ನೂರು ಭಟ್ಟಿಗೆ 10 ರೂಪಾಯಿ ಕಂದಾಯವಿದ್ದರೆ ಜಮ್ಮಾ ಭೂಮಿಗೆ 5 ರೂಪಾಯಿ. ಗದ್ದೆಗೆ ಹೊಂದಿಕೊಂಡ ‘ಬಾಣೆ’ ಎಂಬ ಕಾಡುಭೂಮಿಯಿಂದ ಸೊಪ್ಪು, ಸೌದೆ, ಮನೆಗೆ ಬೇಕಾದ ಮರ, ದನಗಳಿಗೆ ಮೇವು ಪಡೆಯುವ ಹಕ್ಕು ಇದರೊಂದಿಗೆ ಬರುತ್ತಿತ್ತು. 1861ರಲ್ಲಿ ದೇಶದೆಲ್ಲೆಡೆ ಆಯುಧಗಳನ್ನು ಕಸಿದುಕೊಳ್ಳುತ್ತಿದ್ದಾಗ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ದೊರೆಯಿತು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಈ ಎಲ್ಲ ವರ್ಗಗಳನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಜಮ್ಮ, ಸಾಗು, ಉಂಬಳಿ, ಬಾಣೆ, ಪೈಸಾರಿ, ಉರುಡುವೆ, ದೇವರಕಾಡು ಈ ಪದಗಳು ಇಂದಿಗೂ ಕೊಡಗಿನ ಕಂದಾಯ ಕಚೇರಿಗಳಲ್ಲಿ ಜೀವಂತವಾಗಿವೆ.

ಇದು ‘ಜಮ್ಮ’ದ ಪರಿಚಿತ ಅರ್ಥ. ಅದೇ ಕಾಲದ ದಾಖಲೆಗಳಲ್ಲಿ ಇದೇ ಪದ ಬೇರೊಂದು ಕಡೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಜೀತದ ಆಳುಗಳನ್ನು ‘ಭೂಮಿ ಜಮ್ಮದ ಆಳು’ ಮತ್ತು ‘ಒಕ್ಕಲು ಜಮ್ಮದ ಆಳು’ ಎಂದು ಎರಡು ಬಗೆಯಾಗಿ ವಿಂಗಡಿಸಲಾಗಿತ್ತು. ಮೊದಲನೆಯವರು ನೆಲಕ್ಕೆ ಕಟ್ಟುಬಿದ್ದವರು, ಆ ನೆಲವನ್ನು ಬಿಟ್ಟು ಅವರನ್ನು ಬೇರೆಡೆಗೆ ಸಾಗಿಸುವಂತಿರಲಿಲ್ಲ. ಎರಡನೆಯವರು ಮನೆತನಕ್ಕೆ ಸೇರಿದ ಸ್ವತ್ತು; ಅವರನ್ನು ಕೊಡಬಹುದಿತ್ತು, ಕೊಳ್ಳಬಹುದಿತ್ತು. ಹೊಲೆಯರೂ ಯರವರೂ ಈ ವ್ಯವಸ್ಥೆಯೊಳಗೆ ಇದ್ದರು. ಅರಸನ ಸ್ವಂತ ಪಣ್ಯಗಳಲ್ಲಿಯೂ ಇಂಥ ಆಳುಗಳೇ ದುಡಿಯುತ್ತಿದ್ದರು.

ಒಂದೇ ಪದ ಒಡೆಯನ ಬಾಯಲ್ಲಿ ಹುಟ್ಟಿನಿಂದ ಬಂದ ಹಕ್ಕಾಗಿದೆ, ಆಳಿನ ಹೆಸರಿನ ಹಿಂದೆ ಹುಟ್ಟಿನಿಂದ ಬಂದ ಕಟ್ಟಾಗಿದೆ. ಇದನ್ನು ಶಬ್ದಾರ್ಥದ ಆಕಸ್ಮಿಕವೆಂದು ಬದಿಗಿಡುವಂತಿಲ್ಲ. ಜಮ್ಮಾ ಭೂಮಿಯನ್ನು ಹಿಡಿದ ಒಕ್ಕ ಯುದ್ಧಕ್ಕೆ, ಅರಮನೆಯ ಸೇವೆಗೆ ಗಂಡಸರನ್ನು ಕಳುಹಿಸಬೇಕಾದರೆ ಗದ್ದೆಯಲ್ಲಿ ನಾಟಿ ನಿಲ್ಲದಂತೆ ನೋಡಿಕೊಳ್ಳುವವರು ಬೇಕಾಗಿತ್ತು. ಮುಂಗಾರಿನ ಕೆಲವೇ ವಾರಗಳಲ್ಲಿ ಉತ್ತು ನೆಟ್ಟು ಮುಗಿಸಬೇಕಾದ ಮಳೆನಾಡಿನ ಬೇಸಾಯದಲ್ಲಿ ಆ ಹೊತ್ತಿಗೆ ಕೈಗೆ ಸಿಗುವ ಆಳು ನೆಲದಷ್ಟೇ ಬೆಲೆಬಾಳುವ ಆಸ್ತಿ. ಸೇವೆಯ ಹೊಣೆಯನ್ನು ಹೊತ್ತ ಒಂದು ಜಮ್ಮದ ಕೆಳಗೆ ಬಿಡುಗಡೆಯಿಲ್ಲದ ಇನ್ನೊಂದು ಜಮ್ಮ ಇದ್ದೇ ತೀರಬೇಕಾಗಿತ್ತು. ಗ್ಯಾಸೆಟಿಯರ್‌ಗಳು ಮೊದಲನೆಯದನ್ನು ಭೂಹಿಡುವಳಿ ಎಂಬ ಅಧ್ಯಾಯದಲ್ಲಿ, ಎರಡನೆಯದನ್ನು ಜಾತಿಗಳು ಎಂಬ ಅಧ್ಯಾಯದಲ್ಲಿ ವಿವರಿಸುವುದರಿಂದ ಇವೆರಡರ ನಡುವಣ ಕೊಂಡಿ ಓದುಗನ ಕಣ್ಣಿಗೆ ಬೀಳುವುದಿಲ್ಲ. ಕನ್ನಡದ ವಿದ್ವಾಂಸರೂ ಅದೇ ಅಧ್ಯಾಯವಿಭಾಗವನ್ನು ಒಪ್ಪಿಕೊಂಡು ಬಂದಿರುವುದು ವಿಷಾದದ ಸಂಗತಿ.

3

1843ರ 5ನೆಯ ಕಾಯಿದೆ ಕಂಪನಿಯ ಆಳ್ವಿಕೆಯ ಪ್ರದೇಶಗಳಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಈ ಕಾಯಿದೆ ಆಳುಗಳನ್ನು ಕರೆದು ನೀವು ಬಿಡುಗಡೆಯಾದಿರಿ ಎಂದು ಹೇಳಲಿಲ್ಲ; ಒಡೆಯನು ನ್ಯಾಯಾಲಯದ ಮೂಲಕ ಆಳನ್ನು ತನ್ನ ಸ್ವತ್ತೆಂದು ಸಾಧಿಸುವಂತಿಲ್ಲ ಎಂದಷ್ಟೇ ಹೇಳಿತು. ನ್ಯಾಯಾಲಯದ ಮೆಟ್ಟಿಲನ್ನೇ ಕಾಣದ ಆಳಿಗೆ ಇದರಿಂದಾದ ವ್ಯತ್ಯಾಸ ಅಲ್ಪ. ಹೋಗಲು ಬೇರೆ ನೆಲವಿರಲಿಲ್ಲ, ಗುಡಿಸಲು ನಿಂತಿದ್ದುದು ಒಡೆಯನ ಬಾಣೆಯಲ್ಲಿ.

ದೊಡ್ಡ ಪಲ್ಲಟ ಬಂದದ್ದು ಕಾಫಿಯಿಂದ. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ತೋಟವನ್ನು ತೆರೆದ. ಒಂದೆರಡು ದಶಕಗಳಲ್ಲಿ ತೋಟಗಳು ಘಟ್ಟದ ಇಳಿಜಾರಿನಿಂದ ದಕ್ಷಿಣದ ಬಿದಿರು ಸೀಮೆಯವರೆಗೆ ಹಬ್ಬಿದವು. 1860ರ ದಶಕದ ಕಾಂಡಕೊರಕ ಹುಳುವಿನ ಹಾವಳಿ ಅನೇಕ ತೋಟಗಳನ್ನು ನೆಲಕಚ್ಚಿಸಿತಾದರೂ ಕಾಫಿ ಕೊಡಗನ್ನು ಬಿಡಲಿಲ್ಲ. ತೋಟಕ್ಕೆ ಆಳು ಬೇಕು. ಮೈಸೂರು ಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಜನರನ್ನು ಕರೆತಂದರು. ವಯನಾಡಿನ ಕಡೆಯಿಂದ ಪಣಿಯರೂ ಅಡಿಯರೂ ಬಂದರು. ವಯನಾಡಿನ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಜಮೀನ್ದಾರರು ‘ನಿಲ್ಪುಪಣಂ’ ಎಂಬ ಮುಂಗಡವನ್ನು ಕೊಟ್ಟು ಒಂದು ವರ್ಷದ ಮಟ್ಟಿಗೆ ಆಳುಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ದೇವಿಯ ಮುಂದೆ ಪಡೆದ ಹಣ ದೇವಿಯ ಆಣೆಯೂ ಆಗುತ್ತಿತ್ತು. ಅದನ್ನು ಮೀರಿ ಓಡಿಹೋಗುವ ಧೈರ್ಯ ಯಾರಿಗೂ ಸುಲಭವಾಗಿ ಬರುವಂತಿರಲಿಲ್ಲ.

ದೇವಿಯ ಆಣೆಯ ಕೆಲಸವನ್ನು ತೋಟಗಳಲ್ಲಿ ಮಾಡಿದ್ದು 1859ರ 13ನೆಯ ಕಾಯಿದೆ. ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯನ್ನು ಅದು ಅಪರಾಧಿಯಾಗಿ ಕಂಡಿತು. ಸಾಲವು ಸಿವಿಲ್ ವ್ಯಾಜ್ಯವಾಗಿ ಉಳಿಯದೆ ಜೈಲಿಗೆ ಕಾರಣವಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ಈ ಕಾಯಿದೆ 1925ರಲ್ಲಿ ರದ್ದಾದಾಗ ಕೊಡಗು ತನ್ನದೇ ಕಾರ್ಮಿಕ ಕಾಯಿದೆಯನ್ನು 1926ರಲ್ಲಿ ಮಾಡಿಕೊಂಡು ಶಿಕ್ಷೆಯ ಅಂಶವನ್ನು 1931ರವರೆಗೆ ಎಳೆದುಕೊಂಡು ಹೋಯಿತು. ಇದು 1924ರಲ್ಲಿ ಆರಂಭವಾದ ಕೊಡಗು ಶಾಸನ ಪರಿಷತ್ತಿನ ಮೊದಲ ವರ್ಷಗಳ ಕಾನೂನುಗಳಲ್ಲೊಂದು. ವಸಾಹತುಶಾಹಿಯನ್ನು ಸಾಗರದಾಚೆಯಿಂದ ಬಂದ ಒಂದೇ ಶಕ್ತಿಯೆಂದು ಚಿತ್ರಿಸುವ ವಾಡಿಕೆಗೆ ಈ ಕಾಯಿದೆ ತೊಡಕಾಗುತ್ತದೆ. ಬಿಳಿಯ ತೋಟಗಾರ ಮತ್ತು ಸ್ಥಳೀಯ ಭೂಮಾಲೀಕ ಅನೇಕ ವಿಷಯಗಳಲ್ಲಿ ಎದುರಾಳಿಗಳಾಗಿದ್ದರೂ ಆಳಿನ ವಿಷಯದಲ್ಲಿ ಇಬ್ಬರ ಹಿತವೂ ಒಂದೇ ಆಗಿತ್ತು.

ಕೆಲಸಗಾರರ ವಸತಿಗೆ ಕೊಡಗಿನ ತೋಟಗಳಲ್ಲಿ ‘ಲೈನ್ ಮನೆ’ ಎನ್ನುತ್ತಾರೆ. ವಯನಾಡಿನ ತೋಟಗಳಲ್ಲಿ ಅದಕ್ಕೆ ‘ಪಾಡಿ’ ಎಂದು ಹೆಸರು. ಕಾಡಿನೊಳಗಿನ ಕುರುಬರ ನೆಲೆ ಕನ್ನಡದಲ್ಲಿ ‘ಹಾಡಿ’. ಪಕಾರ ಹಕಾರವಾಗುವ ಕನ್ನಡದ ನಿಯಮವನ್ನು ಬಲ್ಲವರಿಗೆ ಇವೆರಡೂ ಒಂದೇ ಪದವೆಂಬುದು ಹೊಳೆಯುತ್ತದೆ. ಕುಂದಾಪುರದ ಕಡೆ ‘ಹಾಡಿ’ ಎಂದರೆ ಮರಗಳ ತೋಪು ಅಥವಾ ಸಣ್ಣ ಕಾಡು. ಕಾಡನ್ನೇ ಸೂಚಿಸುತ್ತಿದ್ದ ಪದ ಕಾಡಿನ ಜನರ ನೆಲೆಯಾಗಿ, ಕೊನೆಗೆ ಒಡೆಯನು ಕಟ್ಟಿಸಿಕೊಟ್ಟ ಕೋಣೆಗಳ ಸಾಲಾಗಿ ಮಾರ್ಪಟ್ಟಿರುವ ಸಾಧ್ಯತೆಯನ್ನು ಭಾಷಾಶಾಸ್ತ್ರಜ್ಞರು ಇನ್ನಷ್ಟು ಪರಿಶೀಲಿಸಬೇಕಾಗಿದೆ.

4

ವಸಾಹತು ಕಾಲದ ಜನಾಂಗವಿವರಣೆಗಳು ಹೆಸರಿಡುವುದರಿಂದ ಆರಂಭವಾಗುತ್ತವೆ. ‘ಯರವ’ ಎಂಬ ಹೆಸರನ್ನು ಕನ್ನಡದ ‘ಎರವು’, ‘ಎರವಲು’ ಎಂಬ ಪದಗಳೊಂದಿಗೆ ಜೋಡಿಸಿ ಎರವಲು ತಂದ ಜನ ಅಥವಾ ಎರವಲು ಕೇಳುವ ಜನ ಎಂದು ವಿವರಿಸುವುದು ರೂಢಿಯಲ್ಲಿದೆ. ಇದು ಜಾನಪದ ವ್ಯುತ್ಪತ್ತಿಯೇ ಆಗಿರಬಹುದು. ಗಡಿಯಾಚೆಯ ತಿರುನೆಲ್ಲಿಯ ಸುತ್ತಮುತ್ತ ಇದೇ ಜನಕ್ಕೆ ‘ಅಡಿಯ’ ಎಂಬ ಹೆಸರಿದೆ. ಅದರ ಅರ್ಥ ದಾಸ. ‘ಪಣಿಯ’ ಎಂದರೆ ಕೆಲಸದವನು. ಅಡಿಯರು ಮತ್ತು ಯರವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ‘ರಾವುಳ’. ಅವರ ನುಡಿ ಮಲೆಯಾಳಕ್ಕೂ ಕೊಡವ ಭಾಷೆಗೂ ಸಮೀಪವಾದ, ಆದರೆ ಸ್ವತಂತ್ರವಾದ ದ್ರಾವಿಡ ನುಡಿ. ಹೊರಗಿನವರು ಇಟ್ಟ ಹೆಸರುಗಳೆಲ್ಲ ದುಡಿಮೆಯ ಸಂಬಂಧವನ್ನು ಹೇಳುತ್ತವೆ. ಸಮುದಾಯದ ಹೆಸರು ಮಾತ್ರ ಆ ಸಂಬಂಧದ ಹೊರಗೆ ನಿಂತಿದೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಅಡಿಯನ್’, ‘ಪಣಿಯನ್’, ‘ಯರವ’ ಮೂರೂ ಬೇರೆ ಬೇರೆ ನಮೂದುಗಳು. ‘ರಾವುಳ’ ಎಂಬ ನಮೂದು ಇಲ್ಲ.

ಕುರುಬರ ಹೆಸರಿನಲ್ಲಿಯೂ ಇಂಥದೇ ಗೊಂದಲವಿದೆ. ಬಯಲುಸೀಮೆಯ ಕುರಿಸಾಕಣೆಯ ಕುರುಬರಿಗೂ ಕೊಡಗಿನ ಜೇನುಕುರುಬ, ಬೆಟ್ಟಕುರುಬರಿಗೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಜೇನುಕುರುಬರು ಜೇನು ಕೀಳುವವರು, ಆನೆಗಳನ್ನು ಹಿಡಿದು ಪಳಗಿಸುವುದರಲ್ಲಿ ನುರಿತವರು. ಇಂದಿಗೂ ದುಬಾರೆ, ಮತ್ತಿಗೋಡು ಶಿಬಿರಗಳ ಮಾವುತರು ಕಾವಾಡಿಗರಲ್ಲಿ ಅನೇಕರು ಈ ಸಮುದಾಯದವರು. ಬೆಟ್ಟಕುರುಬರು ಬಿದಿರು ಕೆಲಸದವರು. ಇವರ ನುಡಿಗಳೂ ಒಂದೇ ಅಲ್ಲ. ಕೊಡವ ಭಾಷೆಯ ವೈಶಿಷ್ಟ್ಯವೆಂದು ಹೇಳಲಾಗುವ ನಡುಸ್ವರಗಳಂಥ ಧ್ವನಿಗಳು ಬೆಟ್ಟಕುರುಬರ ನುಡಿಯಲ್ಲಿಯೂ ಇರುವುದನ್ನು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಪಟ್ಟಿಯಲ್ಲಿ ‘ಕಾಡುಕುರುಬ’ ಎಂದಿದ್ದ ನಮೂದಿಗೆ ‘ಬೆಟ್ಟಕುರುಬ’ ಎಂಬುದನ್ನು ಸಮಾನಪದವಾಗಿ ಸೇರಿಸಲು ಸಂಸತ್ತೇ ತಿದ್ದುಪಡಿ ತರಬೇಕಾಯಿತು. ಗುಮಾಸ್ತನೊಬ್ಬನ ಬರಹದಲ್ಲಿ ನೆಲೆನಿಂತ ಹೆಸರನ್ನು ಬದಲಿಸಲು ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹತ್ತೊಂಬತ್ತನೆಯ ಶತಮಾನದ ಕೊಡಗಿನ ಬಗ್ಗೆ ಬರೆದವರಲ್ಲಿ ಕನ್ನಡಿಗರಿಗೆ ಹೆಚ್ಚು ಪರಿಚಿತನಾದವನು ಹೆರ್ಮನ್ ಮೋಗ್ಲಿಂಗ್. ‘ಮಂಗಳೂರ ಸಮಾಚಾರ’ದ ಸಂಪಾದಕನಾಗಿ, ಕನ್ನಡದ ಹಳೆಯ ಕೃತಿಗಳ ಪ್ರಕಾಶಕನಾಗಿ ಅವನನ್ನು ನೆನೆಯುತ್ತೇವೆ. 1855ರಲ್ಲಿ ಅವನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಕೊಡಗಿನ ಕುರಿತ ಪುಸ್ತಕ ನಮ್ಮ ವಿಭಾಗಗಳಲ್ಲಿ ಅಷ್ಟಾಗಿ ಓದಿಗೆ ಬಂದಿಲ್ಲ. ಅವನು ಕೊಡಗಿನಲ್ಲಿ ಹೊಲೆಯರಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟಿದ. ಮತಾಂತರದ ಉದ್ದೇಶ ಅದರ ಹಿಂದೆ ಇದ್ದುದು ನಿಜ. ಆಳಿಗೆ ಒಡೆಯನ ಬಾಣೆಯ ಹೊರಗೆ ಕಾಲೂರಲು ಒಂದಿಷ್ಟು ನೆಲ ಸಿಕ್ಕಿದ್ದೂ ಅಷ್ಟೇ ನಿಜ. ಅನಂತರ ಬಂದ ರಿಕ್ಟರನ 1870ರ ಕೈಪಿಡಿ ಮತ್ತು 1887ರ ಜಾತಿ ಬುಡಕಟ್ಟುಗಳ ಸಂಗ್ರಹ, ರೈಸ್ ಅವರ ಗ್ಯಾಸೆಟಿಯರಿನ ಕೊಡಗಿನ ಸಂಪುಟ ಇವು ಮುಂದಿನ ಎಲ್ಲ ವಿವರಣೆಗಳಿಗೆ ಮಾದರಿಯಾದವು. ಇವುಗಳಲ್ಲಿ ಕೊಡವರು ಒಂದು ರಾಷ್ಟ್ರವೆಂಬಂತೆ ಚಿತ್ರಿತರಾಗುತ್ತಾರೆ, ಉಳಿದವರು ಅವರ ಸುತ್ತಲಿನ ಸೇವಕ ಜಾತಿಗಳಾಗುತ್ತಾರೆ. 1871ರಲ್ಲಿ ಕೊಡಗಿನ ಜನಸಂಖ್ಯೆ 1,68,312. ಅದರೊಳಗೆ ಕೊಡವರು ಅಲ್ಪಸಂಖ್ಯಾತರು. ಹಾಗಿದ್ದೂ ಪುಸ್ತಕಗಳ ಪುಟಗಳಲ್ಲಿ ಪ್ರಮಾಣ ತಿರುವುಮುರುವಾಗಿದೆ.

ಈ ದೃಷ್ಟಿಯ ತುತ್ತತುದಿ 1901ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ, ಕೊಡವರನ್ನೂ ಯರವರನ್ನೂ ಎದುರುಬದುರು ನಿಲ್ಲಿಸಿ ಹೋಲಿಸಿದ ಟಿ. ಎಚ್. ಹಾಲೆಂಡರ ಲೇಖನ. ಹಾಲೆಂಡ್ ಭೂವಿಜ್ಞಾನಿ, ದಕ್ಷಿಣ ಭಾರತದ ಚಾರ್ನೊಕೈಟ್ ಶಿಲೆಗೆ ಹೆಸರಿಟ್ಟವರು ಅವರೇ. ಕಲ್ಲನ್ನು ವರ್ಗೀಕರಿಸುವ ಕೈ ತಲೆ ಮತ್ತು ಮೂಗುಗಳ ಅಳತೆಗೆ ತೊಡಗಿದಾಗ ಒಡೆಯ ಮತ್ತು ಆಳಿನ ನಡುವಣ ಅಂತರ ಎರಡು ‘ಜನಾಂಗ’ಗಳ ದೇಹರಚನೆಯ ಅಂತರವಾಗಿ ಮಾರ್ಪಟ್ಟಿತು. ಶತಮಾನಗಳ ದುಡಿಮೆಯ ಚರಿತ್ರೆ ಅಳತೆಪಟ್ಟಿಯ ಎರಡು ಅಂಕಣಗಳಲ್ಲಿ ಕಾಣೆಯಾಯಿತು. ಇಂಥ ಅಳತೆಗಳನ್ನು ಇಂದು ಯಾರೂ ಶಾಸ್ತ್ರವೆಂದು ಒಪ್ಪುವುದಿಲ್ಲವಾದರೂ, ಅವುಗಳಿಂದ ಹುಟ್ಟಿದ ಗುಣವಾಚಕಗಳು ಕನ್ನಡದ ಪಠ್ಯಗಳಲ್ಲಿ ಇನ್ನೂ ಉಳಿದಿವೆ.

5

ಕಾಡಿನ ಕಡೆಗೆ ತಿರುಗಿದರೆ ಚಿತ್ರ ಬೇರೆ. ಗದ್ದೆಯ ಆಳಿಗೆ ಕಡತದಲ್ಲಿ ಆಳೆಂಬ ಸ್ಥಾನವಾದರೂ ಇತ್ತು. ಕಾಡಿನ ಕುರುಬನಿಗೆ ಅದೂ ಇರಲಿಲ್ಲ. ಬಾಣೆಯ ಹಕ್ಕು ಗದ್ದೆಯ ಬೆನ್ನಿಗೆ ಬರುವಂಥದು, ಗದ್ದೆಯಿಲ್ಲದವನಿಗೆ ಬಾಣೆಯಿಲ್ಲ. ಊರು ಮತ್ತು ದೇವಸ್ಥಾನಗಳ ಆಸರೆಯಲ್ಲಿದ್ದ ಕಾಡು ದೇವರಕಾಡು ಎಂದು ನೋಂದಣಿಯಾಯಿತು. 1873ರ ಲೆಕ್ಕದಲ್ಲಿ ಅಂಥ 873 ದೇವರಕಾಡುಗಳಿದ್ದವು. 1905ರಲ್ಲಿ ಅವುಗಳ ವಿಸ್ತಾರ 15,506 ಎಕರೆ, 1985ರ ಹೊತ್ತಿಗೆ ಉಳಿದದ್ದು 6,299 ಎಕರೆ. ಯಾರ ಹಿಡುವಳಿಗೂ ಸೇರದ ನೆಲ ಪೈಸಾರಿ, ಅಂದರೆ ಸರ್ಕಾರದ್ದು. ಉಳಿದ ದಟ್ಟಕಾಡು 1865 ಮತ್ತು 1878ರ ಅರಣ್ಯ ಕಾಯಿದೆಗಳ ಹಿನ್ನೆಲೆಯಲ್ಲಿ ಕ್ರಮೇಣ ಮೀಸಲು ಅರಣ್ಯವಾಯಿತು. ಕುಮರಿ ಬೇಸಾಯವನ್ನು ಕಾಡಿನ ನಾಶವೆಂದು ಬಗೆದು ಹತ್ತಿಕ್ಕಲಾಯಿತು. ಅದೇ ದಶಕಗಳಲ್ಲಿ ಸಾವಿರಾರು ಎಕರೆ ಕಾಡನ್ನು ಕಡಿದು ಕಾಫಿ ತೋಟ ಮಾಡಿದ್ದು ಅಭಿವೃದ್ಧಿಯೆನಿಸಿತು. ತಿತಿಮತಿ, ನಾಗರಹೊಳೆಗಳ ಸುತ್ತ ಎದ್ದ ತೇಗದ ನೆಡುತೋಪುಗಳಿಗೆ ಗುಂಡಿ ತೋಡಿದವರು, ಸಸಿ ನೆಟ್ಟವರು, ಬೆಂಕಿರೇಖೆ ಸವರಿದವರು ಕುರುಬರು ಮತ್ತು ಯರವರು. ಅರಣ್ಯ ಇಲಾಖೆ ಕಾಡಿನೊಳಗೆ ಅವರ ಹಾಡಿಗಳನ್ನು ಉಳಿಯಗೊಟ್ಟಿದ್ದು ಈ ಕೆಲಸಕ್ಕಾಗಿ. ತೇಗ ಬೆಳೆದು ನಿಂತ ಮೇಲೆ ಹಾಡಿಯ ಅಗತ್ಯ ಮುಗಿಯಿತು.

1955ರಲ್ಲಿ ನಾಗರಹೊಳೆ ವನ್ಯಧಾಮವಾಯಿತು, 1970ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆ ಬಂದಿತು, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿತು. ಕೊಡಗು ಅಷ್ಟರಲ್ಲಿ ಬ್ರಿಟಿಷ್ ಪ್ರಾಂತವಾಗಿರಲಿಲ್ಲ; 1950ರಲ್ಲಿ ಸಿ ವರ್ಗದ ರಾಜ್ಯವಾಗಿ, 1956ರಲ್ಲಿ ಮೈಸೂರು ರಾಜ್ಯದಲ್ಲಿ ವಿಲೀನವಾಗಿತ್ತು. ಆಳುವವರು ಬದಲಾದರೂ ನಕ್ಷೆ ಬದಲಾಗಲಿಲ್ಲ. ಉಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ಪ್ರೊ. ಮುಝಫ್ಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ರಚನೆಯಾದ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯು ನಾಗರಹೊಳೆಯಿಂದ ಹೊರಬಂದ ಕುಟುಂಬಗಳ ಸಂಖ್ಯೆಯನ್ನು 3,418 ಎಂದು ಗುರುತಿಸಿತು. ಒಂದಿಷ್ಟು ಕುಟುಂಬಗಳು 1990ರ ದಶಕದ ಕೊನೆಯಿಂದೀಚೆಗೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳನ್ನು ಸೇರಿದವು. ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳನ್ನು ಸೇರಿದರು. ಅಂದರೆ, ಕಾಡಿನ ಜನ ಒಂದೂವರೆ ಶತಮಾನದ ಅನಂತರ ತೋಟದ ಜನರಾದರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ಎದ್ದ ವಿವಾದದ ತಿರುಳು ಆ ನೆಲ ಪೈಸಾರಿಯೋ ಮೀಸಲು ಅರಣ್ಯವೋ ಎಂಬುದಾಗಿತ್ತು. ಎರಡೂ ವಸಾಹತು ಕಾಲದ ಕಡತದ ಪದಗಳೇ.

6

ಈ ಜನರ ಕಡೆಯ ಮಾತು ಎಲ್ಲಿದೆ? ಲಿಖಿತ ದಾಖಲೆಯಲ್ಲಿ ಇಲ್ಲದ್ದು ಆಚರಣೆಯಲ್ಲಿದೆ. ಪ್ರತಿವರ್ಷ ಮೇ ತಿಂಗಳ ಕೊನೆಯ ಭಾಗದಲ್ಲಿ, ಮುಂಗಾರಿಗೆ ಮುನ್ನ, ತಿತಿಮತಿಯ ಸಮೀಪದ ದೇವರಪುರದಲ್ಲಿ ಜೇನುಕುರುಬರು ಮತ್ತು ಯರವರು ‘ಕುಂಡೆ ಹಬ್ಬ’ ನಡೆಸುತ್ತಾರೆ. ಗಂಡಸರು ಹೆಣ್ಣುವೇಷ ತೊಟ್ಟು, ಮೈಗೆ ಬಣ್ಣ ಬಳಿದು, ಸೋರೆಬುರುಡೆ, ತಗಡಿನ ಡಬ್ಬ, ಪ್ಲಾಸ್ಟಿಕ್ ಕ್ಯಾನುಗಳನ್ನು ಬಡಿಯುತ್ತ ಗೋಣಿಕೊಪ್ಪ, ಪೊನ್ನಂಪೇಟೆ, ಬಾಳೆಲೆ ಕಡೆಯ ಬೀದಿಗಳಲ್ಲಿ ಎದುರಾದವರನ್ನೆಲ್ಲ ಬೈಯುತ್ತ, ಕಾಣಿಕೆ ಕೇಳುತ್ತ ದೇವರಪುರಕ್ಕೆ ಹೋಗುತ್ತಾರೆ. ಬೈಗುಳ ದೇವರಿಗೂ ತಪ್ಪಿದ್ದಲ್ಲ. ಐತಿಹ್ಯದ ಪ್ರಕಾರ ಅಯ್ಯಪ್ಪ ಈ ಜನರೊಂದಿಗೆ ಬೇಟೆಗೆ ಬಂದವನು, ನಡುವೆ ಭದ್ರಕಾಳಿಯನ್ನು ಕಂಡು ಮೋಹಿತನಾಗಿ ಇವರನ್ನು ಕಾಡಿನಲ್ಲೇ ಬಿಟ್ಟು ಅವಳೊಂದಿಗೆ ಹೊರಟುಹೋದ. ಕೈಬಿಟ್ಟ ದೇವರನ್ನು ವರ್ಷಕ್ಕೊಮ್ಮೆ ಬೈಯುವುದು ಹಬ್ಬ.

ಈ ಹಬ್ಬವನ್ನು ವಿನೋದವೆಂದು, ಒಂದು ದಿನದ ಸ್ವೇಚ್ಛೆಯೆಂದು ವಿವರಿಸುವುದು ಸುಲಭ. ಬಖ್ತಿನನ ಕಾರ್ನಿವಲ್ ಪರಿಕಲ್ಪನೆಯನ್ನು ತಂದು ಅನ್ವಯಿಸುವುದೂ ಸುಲಭವೇ. ಆದರೆ ಐತಿಹ್ಯದ ರಚನೆಯನ್ನು ಗಮನಿಸಿದರೆ ಅಲ್ಲಿರುವುದು ನಂಬಿಸಿ ಕೈಬಿಟ್ಟ ಜೊತೆಗಾರನ ಮೇಲಿನ ದೂರು. ಜೊತೆಯಾಗಿ ಬೇಟೆಯಾಡಿದವನು ಗುಡಿಯ ದೇವರಾದ. ದಾರಿ ತೋರಿಸಿದವರು ಗುಡಿಯ ಹೊರಗೆ ಉಳಿದರು. ಒಡೆಯನ ಮನೆಯಂಗಳದಲ್ಲಿ ಆಳು ನಿಂತು ಬೈಯುವ ಆ ದಿನ ಒಡೆಯನೂ ನಗುತ್ತ ಕಾಸು ಕೊಡುತ್ತಾನೆ. ಮಾರನೆಯ ವಾರ ಮಳೆ ಹಿಡಿದರೆ ಅದೇ ಆಳು ಅದೇ ಗದ್ದೆಗೆ ಇಳಿಯುತ್ತಾನೆ. ಆದ್ದರಿಂದ ಇದನ್ನು ಪ್ರತಿರೋಧವೆಂದು ಕೊಂಡಾಡುವ ಮುನ್ನ, ಬೈಗುಳಕ್ಕೆ ಒಂದೇ ದಿನವನ್ನು ನಿಗದಿಮಾಡಿದ ಸಾಮಾಜಿಕ ಏರ್ಪಾಡನ್ನೂ ನೋಡಬೇಕಾಗುತ್ತದೆ.

7

2006ರ ಅರಣ್ಯ ಹಕ್ಕುಗಳ ಕಾಯಿದೆ ಬಂದ ಮೇಲೆ ಇಂಥ ಐತಿಹ್ಯ, ಹಾಡು, ಸ್ಥಳನಾಮಗಳಿಗೆ ಜಾನಪದ ಅಧ್ಯಯನದಾಚೆಗೂ ಒಂದು ಉಪಯೋಗ ಒದಗಿದೆ. 2005ರ ಡಿಸೆಂಬರ್ 13ಕ್ಕೆ ಮುನ್ನ ಕಾಡಿನಲ್ಲಿ ನೆಲೆಸಿದ್ದುದಕ್ಕೆ ಪುರಾವೆ ಕೊಟ್ಟ ಬುಡಕಟ್ಟು ಕುಟುಂಬಗಳಿಗೆ ಈ ಕಾಯಿದೆ ಹಕ್ಕನ್ನು ಮಾನ್ಯಮಾಡುತ್ತದೆ. 2008ರ ಜನವರಿ 1ರಂದು ಜಾರಿಗೆ ಬಂದ ನಿಯಮಗಳಲ್ಲಿ 13ನೆಯದು ಪುರಾವೆಗಳನ್ನು ಹೆಸರಿಸುತ್ತದೆ: ಗ್ಯಾಸೆಟಿಯರ್, ಜನಗಣತಿ, ನಕ್ಷೆಗಳ ಜೊತೆಗೆ ಬಾವಿ, ಸಮಾಧಿಸ್ಥಳ, ಪವಿತ್ರ ತಾಣಗಳು, ಹಕ್ಕು ಕೇಳುವವರನ್ನು ಬಿಟ್ಟು ಇತರ ಹಿರಿಯರು ಹೇಳಿ ಬರೆಯಿಸಿದ ಹೇಳಿಕೆ ಕೂಡ. ಕಡತದಲ್ಲಿ ಹೆಸರಿಲ್ಲದವರಿಗೆ ಕೊನೆಯ ಬಗೆಯ ಪುರಾವೆಗಳೇ ಆಧಾರ. ಇದು ಭಾರತದಲ್ಲಷ್ಟೇ ಕಾಣುವ ವಿಚಾರವಲ್ಲ. ಬ್ರಿಟಿಷರ ಇನ್ನೊಂದು ವಸಾಹತಾಗಿದ್ದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರು ತಮ್ಮ ನೆಲದ ಹಕ್ಕನ್ನು ಸಾಧಿಸಲು ಮನೆತನದ ಕಥನಗಳನ್ನೂ ಹಾಡುಗಳನ್ನೂ ನ್ಯಾಯಾಲಯದ ಮುಂದಿಟ್ಟರು. ವಿಚಾರಣಾ ನ್ಯಾಯಾಲಯ ಅವಕ್ಕೆ ಬೆಲೆ ಕೊಡಲಿಲ್ಲ. 1997ರ ಡಿಸೆಂಬರಿನಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಡೆಲ್ಗಮೂಕ್ ಪ್ರಕರಣದ ತೀರ್ಪಿನಲ್ಲಿ ಮೌಖಿಕ ಚರಿತ್ರೆಯನ್ನು ಬರೆದ ದಾಖಲೆಯ ಸರಿಸಮಕ್ಕೆ ಇರಿಸಿ ತೂಗಬೇಕೆಂದು ಹೇಳಿತು.

ಕನ್ನಡ ವಿಭಾಗಗಳು ಕಳೆದ ಅರ್ಧ ಶತಮಾನದಲ್ಲಿ ಸಂಗ್ರಹಿಸಿರುವ ಬುಡಕಟ್ಟು ಸಾಹಿತ್ಯವನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕಾಗಿದೆ. ನಮ್ಮ ಸಂಗ್ರಹಗಳಲ್ಲಿ ಹಾಡಿನ ಪಠ್ಯವಿರುತ್ತದೆ, ಹಾಡಿದವರ ಹೆಸರು ಮತ್ತು ವಯಸ್ಸು ಇರುತ್ತವೆ. ಹಾಡಿನಲ್ಲಿ ಬರುವ ಕೊಲ್ಲಿ, ಕೆರೆ, ಬಂಡೆ, ಮರಗಳು ಎಲ್ಲಿವೆ ಎಂಬ ಟಿಪ್ಪಣಿ ಅಪರೂಪ. ಅನೇಕ ವೇಳೆ ಮೂಲ ನುಡಿಯನ್ನು ಬಿಟ್ಟು ಕನ್ನಡಕ್ಕೆ ಒಗ್ಗಿಸಿದ ಪಾಠವನ್ನೇ ಅಚ್ಚುಮಾಡಲಾಗಿದೆ. ರಾವುಳ ನುಡಿಯ ಪಕಾರವನ್ನು ಹಕಾರ ಮಾಡಿದ ಕ್ಷಣವೇ ಸ್ಥಳನಾಮದ ಗುರುತು ತಪ್ಪುತ್ತದೆ. ನಾಡಿಕೇರಿಯಂಡ ಚಿಣ್ಣಪ್ಪನವರು ಕೊಡವರಿಗಾಗಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದಾಗ ಕೊಡವ ಭಾಷೆಯ ಪಾಠವನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಂಡರು. ಆ ಸಮುದಾಯದ ಹಕ್ಕು ಮತ್ತು ಸಂಪ್ರದಾಯಗಳ ಚರ್ಚೆಯಲ್ಲಿ ಅದು ಈಗಲೂ ಆಧಾರಗ್ರಂಥ. ಯರವರಿಗಾಗಲಿ ಜೇನುಕುರುಬರಿಗಾಗಲಿ ಅದಕ್ಕೆ ಸರಿಗಟ್ಟುವ ಗ್ರಂಥವಿಲ್ಲ.

ಇಲ್ಲಿ ‘ಜಮ್ಮ’ ಮತ್ತೊಮ್ಮೆ, ಮೂರನೆಯ ಅರ್ಥದಲ್ಲಿ, ಎದುರಾಗುತ್ತದೆ. ನಾಗರಹೊಳೆಯ ಜೇನುಕುರುಬರು ತಮ್ಮ ಕುಲದ ಹಿರಿಯರು ಬಾಳಿದ, ಹಿರಿಯರ ಚೇತನಗಳು ನೆಲೆಸಿರುವ ಕಾಡಿನ ಭಾಗವನ್ನು ‘ಜಮ್ಮ’ ಎಂದೇ ಕರೆಯುತ್ತಾರೆ. ಅವರ ಹಕ್ಕಿನ ಹೋರಾಟದ ಸಂಘಟನೆಯ ಹೆಸರಿನಲ್ಲಿಯೂ ಈ ಪದವಿದೆ. ಕಡತದ ಪದವನ್ನು ಅವರು ಎರವಲು ಪಡೆದರೋ ಅಥವಾ ಕಡತಕ್ಕಿಂತ ಹಿಂದಿನಿಂದಲೂ ಇಡೀ ನಾಡಿನಲ್ಲಿ ಹರಡಿದ್ದ ಪದದ ಒಂದು ಟಿಸಿಲು ಮಾತ್ರ ಕಂದಾಯ ಇಲಾಖೆಯ ಕೈಗೆ ಸಿಕ್ಕಿತೋ ಎಂಬುದು ಚರ್ಚಾರ್ಹ. ಹುಟ್ಟಿಗೂ ನೆಲಕ್ಕೂ ಇರುವ ನಂಟನ್ನು ಹೇಳುವ ಪದ ಒಬ್ಬರಿಗೆ ಹಿಡುವಳಿಯಾಗಿ, ಒಬ್ಬರಿಗೆ ಜೀತವಾಗಿ, ಇನ್ನೊಬ್ಬರಿಗೆ ಹಿರಿಯರ ನೆಲೆಯಾಗಿ ಒಡೆದುಕೊಂಡಿರುವುದರಲ್ಲಿ ಮೊದಲನೆಯ ಅರ್ಥಕ್ಕೆ ಮಾತ್ರ ಕಾನೂನಿನ ರಕ್ಷಣೆ ದೊರೆತದ್ದು ವಸಾಹತು ಆಡಳಿತದ ಕೊಡುಗೆ. ಆ ಅರ್ಥದ ತೊಡಕುಗಳನ್ನು ಬಿಡಿಸಲು ರಾಜ್ಯದ ಭೂಕಂದಾಯ ಕಾಯಿದೆಗೆ 2011ರಲ್ಲಿ ತಿದ್ದುಪಡಿ ತರಲಾಯಿತು. ಜಮ್ಮಾ ಬಾಣೆಯ ಮೇಲೆ ಹಿಡುವಳಿದಾರರ ಒಡೆತನಕ್ಕೆ ಅದರಿಂದ ದಾರಿಯಾಯಿತು. ಕೊಡವರೂ ಇತರ ಜಮ್ಮಾ ಹಿಡುವಳಿದಾರರೂ ದಶಕಗಳ ಕಾಲ ನ್ಯಾಯಾಲಯಗಳನ್ನು ಹತ್ತಿಳಿದು ಪಡೆದ ನ್ಯಾಯವಿದು. ಅದರ ಬಗ್ಗೆ ತಕರಾರಿಗೆ ಕಾರಣವಿಲ್ಲ. ಮೂರನೆಯ ಅರ್ಥದ ಜಮ್ಮಕ್ಕೆ ಇಂಥ ತಿದ್ದುಪಡಿಯಿಲ್ಲ. 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ಹೊರಗಿನಿಂದ ಹೊರಟು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ, ಅಲ್ಲಿ ಗುಡಿಸಲು ಕಟ್ಟತೊಡಗಿದವು. ಹಕ್ಕಿನ ಅರ್ಜಿಯ ಜೊತೆಗೆ ಅವರು ತೋರಿಸಿದ್ದು ತಮ್ಮ ಹಿರಿಯರ ಸಮಾಧಿಗಳನ್ನು, ದೇವರ ತಾಣಗಳನ್ನು, ಅವುಗಳ ಹೆಸರುಗಳನ್ನು.